ಸಹಾಯ ಮಾಡಿದವರು

ಏಳನೇ ಅಚ್ಚಿಗೆ ಜೆಲ್ ಸುರಿಯುತ್ತಿದ್ದಳು ಅವಳು. ನಿಧಾನಕ್ಕೆ ಸುರಿಯಬೇಕು, ಒಂದು ಗುಳ್ಳೆ ಎದ್ದರೂ ಪಟ್ಟಿ ಕೆಟ್ಟ ಹಾಗೆಯೇ. ಗಾಯ ಕೀವು ಕಟ್ಟುವ ಮೊದಲೇ ಹಳದಿಯಿಂದ ನೀಲಿಗೆ ತಿರುಗಿ ಎಚ್ಚರಿಸುವ ಪಟ್ಟಿ ಅದು. ಆ ಬಣ್ಣ ಜೆಲ್‌ನಲ್ಲಿ ನಿಲ್ಲುವಂತೆ ಮಾಡಲು ಅವಳಿಗೆ ಮೂರು ವರ್ಷ ಹಿಡಿದಿತ್ತು.

ಲ್ಯಾಬಿನ ಬಾಗಿಲಲ್ಲಿ ಅವನು. ನೋಡದೆಯೇ ಗೊತ್ತಾಯಿತು.

"ಅಲುಗಾಡಿಸ್ಬೇಡ, ಗುಳ್ಳೆ ಏಳುತ್ತೆ."

"ಉಸಿರಾದ್ರೂ ಆಡ್ಲಾ?"

"ಮೆಲ್ಲಗೆ."

ಅವನು ಹತ್ತಿರ ಬಂದು, ಕೆನ್ನೆಗೆ ಬಿದ್ದಿದ್ದ ಅವಳ ಕೂದಲನ್ನು ಕಿರುಬೆರಳಿನಿಂದ ಕಿವಿಯ ಹಿಂದೆ ಸರಿಸಿದ. ಅವಳ ಕೈಗೆ ಗವಸಿದ್ದಾಗಲೆಲ್ಲ ಅದು ಅವನದೇ ಕೆಲಸ. ಎಂದಿನಂತೆ ಅವಳ ಕತ್ತು ಬಿಸಿಯಾಯಿತು.

"ನಾವು ಶುರು ಮಾಡೋ ಕಂಪನಿಗೆ ಈ ಪಟ್ಟಿ ಕೊಡೋಕೆ ಯೂನಿವರ್ಸಿಟಿ ಒಪ್ಕೊಂಡಿದೆ ಕಣೇ! ಇದಕ್ಕೊಂದು ಸಹಿ ಹಾಕು. ಐದು ಗಂಟೆಗೆ ಪೇಟೆಂಟ್ ವಿಭಾಗದಲ್ಲಿ ಎಲ್ಲರೂ ಸೇರ್ತಿದ್ದೀವಿ."

ಗವಸು ಕಳಚಿ, ಅವನು ಚಾಚಿದ ಪೇಟೆಂಟ್ ಅರ್ಜಿಯನ್ನು ಓದಿದಳು. 'ಸಂಶೋಧಕರು' ಎಂಬಲ್ಲಿ ಅವನ ಹೆಸರು, ಲ್ಯಾಬಿನ ಪ್ರೊಫೆಸರರ ಹೆಸರು. ಅವಳದು ಕೊನೆಯ ಪುಟದಲ್ಲಿ, 'ಪ್ರಯೋಗಕ್ಕೆ ಸಹಾಯ ಮಾಡಿದವರು' ಎಂಬುದರ ಕೆಳಗೆ. 'ಈ ಸಂಶೋಧನೆಯಲ್ಲಿ ನನಗೆ ಯಾವ ಹಕ್ಕೂ ಇಲ್ಲ' ಎಂದು ಬರೆದು, ಅವಳ ಸಹಿಗೆ ಜಾಗ ಬಿಟ್ಟಿದ್ದರು.

"ನಾನು ಸಹಾಯ ಮಾಡಿದ್ನಾ?"

"ಅಯ್ಯೋ, ಅದು ಬರೀ ಕಾಗದ. ಹೆಸರು ಕಮ್ಮಿ ಇದ್ರೆ ಹೂಡಿಕೆ ಮಾಡೋರಿಗೆ ತಲೆನೋವಿಲ್ಲ. ಮದುವೆ ಆದ್ಮೇಲೆ ನಂದು ನಿಂದು ಅಂತ ಬೇರೆ ಇರುತ್ತಾ?"

"ಬೇರೆ ಇಲ್ಲ ಅಂದ್ರೆ ನನ್ನ ಹೆಸರು ಹಾಕಿ ನಿಂದು ಬಿಡಬಹುದಿತ್ತಲ್ಲ."

ಅವನು ನಕ್ಕ. ಅವಳು ನಗಲಿಲ್ಲ.

"ಇದನ್ನ ಬರೆದಿದ್ದು ಪ್ರೊಫೆಸರಾ?"

"ಇಲ್ಲ... ನಾನೇ."

"ಯಾವಾಗ?"

"ಹೋದ ತಿಂಗಳು."

ಇಬ್ಬರೂ ಬಾಡಿಗೆ ಮನೆ ನೋಡಿ ಬಂದದ್ದು ಹೋದ ತಿಂಗಳೇ. ಅಡುಗೆಮನೆಯ ಕಿಟಕಿ ನಿನಗೇ ಅಂತ ಇಟ್ಟ ಹಾಗಿದೆ ಎಂದಿದ್ದ. ಹಾಗೆನ್ನುವಾಗ ಈ ಕಾಗದ ಅವನ ಹೆಗಲ ಬ್ಯಾಗಿನಲ್ಲೇ ಇದ್ದಿರಬೇಕು.

"ನನ್ನ ಮೇಲೆ ನಂಬಿಕೆ ಇಲ್ವಾ?"

"ಐದಕ್ಕೆ ಬರ್ತೀನಿ. ಹೋಗು."

ಅವನ ಮುಖ ಹಗುರಾಯಿತು. ಅವಳ ಹಣೆಗೆ ಮುತ್ತಿಟ್ಟು, ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.

ಪಕ್ಕದ ಮೇಜಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಟೆಕ್ನಿಷಿಯನ್ ಅಕ್ಕ ಕಣ್ಣು ಮಿಟುಕಿಸಿದರು. "ಏನಮ್ಮಾ, ಮದುವೆ ಊಟ ಯಾವಾಗ ಹಾಕಿಸ್ತೀಯಾ?"

"ಹೇಳ್ತೀನಕ್ಕಾ."

ಐದು ಅಚ್ಚು ಉಳಿದಿದ್ದವು. ಹೊಸ ಗವಸು ಹಾಕಿಕೊಂಡಳು. ಸಂಜೆ ಹೋಗುವುದು ಖಂಡಿತ. ದಿನದಿನವೂ ತಾರೀಖು ಹಾಕಿ ತಾನು ಬರೆದಿಟ್ಟ ಹನ್ನೊಂದು ಲ್ಯಾಬ್ ಪುಸ್ತಕಗಳನ್ನು ಅವರೆಲ್ಲರ ಮುಂದಿಟ್ಟು ಕೂರುವುದು. ಹೆಸರು ಸೇರಿಸುತ್ತಾರೆ, ಸೇರಿಸದೆ ವಿಧಿಯಿಲ್ಲ. ಅವನೂ ತಪ್ಪಾಯಿತು ಅಂದಾನು, ಕಣ್ಣಲ್ಲಿ ನೀರೂ ತಂದುಕೊಂಡಾನು.

ಆದರೂ ಅವನನ್ನು ಮದುವೆಯಾಗುವುದಿಲ್ಲ.