ಎರಡು ಸೈಕಲ್ಲಿನ ರ‍್ಯಾಕ್

"ಜೀಪಿನ ಹಿಂದಕ್ಕೆ ಸೈಕಲ್ ರ‍್ಯಾಕ್ ಬೇಕಿತ್ತು..."

ಆ ದನಿ ಕಿವಿಗೆ ಬಿದ್ದದ್ದೇ ತಡ, ಕವನಳ ಕೈಯಲ್ಲಿದ್ದ ಸೀಟ್ ಕವರ್ ಜಾರಿ ನೆಲಕ್ಕೆ ಬಿತ್ತು.

ನಂಜನಗೂಡಿನ ಆ ಕಾರ್ ಸಾಮಾನಿನ ಅಂಗಡಿಗೆ ದಿನಾ ಎಷ್ಟೋ ಜನ ಬರುತ್ತಾರೆ. ಆದರೆ ಬಾಗಿಲಲ್ಲಿ ನಿಂತಿದ್ದವನು ತಿ. ನರಸೀಪುರದ ಸಿದ್ಧಾರ್ಥ. ಒಂದು ಕಾಲಕ್ಕೆ ಇವಳ ಸಿದ್ದು. ಅವನು ಕಣ್ಣು ತಪ್ಪಿಸಲಿಲ್ಲ, ಇವಳೇ ತಪ್ಪಿಸಿದಳು.

"ಎಷ್ಟು ಸೈಕಲ್ಲಿಗೆ ಸಾರ್?"

ಸಾರ್ ಎಂದಳು! ಬೇಕೆಂದೇ ಎಂದಳು. ಅವನ ಮುಖ ಸಪ್ಪಗಾದದ್ದು ಕಂಡು ಸಮಾಧಾನವಾಯಿತು. ಅದರ ಬೆನ್ನಿಗೇ ಸಂಕಟವೂ ಆಯಿತು.

"ಎರಡಕ್ಕೆ. ಬಂಪರ್ ಕೆಳಗೆ ಗಾಡಿ ಎಳೆಯೋ ಟೋ ಹುಕ್ ಅದೆ, ಅದಕ್ಕೆ ಕೂರೋ ಅಂಥದ್ದು."

ಎರಡು... ಒಬ್ಬನಿಗೆ ಎರಡು ಸೈಕಲ್ ಯಾಕೆ?

ಕವನ ಒಂದು ರ‍್ಯಾಕ್ ಇಳಿಸಿದಳು. "ಇದು ಹಗುರ, ರೇಟೂ ಕಮ್ಮಿ. ಸೈಕಲ್ಲಿನ ಮೇಲಿನ ಬಾರನ್ನ ಈ ಕೊಕ್ಕೆಗೆ ತೂಗಾಕೋದು."

"ಒಂದಕ್ಕೆ ಬಾರ್ ಇಲ್ಲ. ಅದು ಲೇಡೀಸ್ ಸೈಕಲ್ಲು."

ಅಷ್ಟು ಸಾಕಾಯಿತು. 'ಓ... ಮದುವೆಯಾಗಿದೆ. ನಾನು ಬಂದ ಸಂಬಂಧಗಳನ್ನೆಲ್ಲ ಏನೋ ನೆಪ ಹೇಳಿ ತಳ್ಳಿಕೊಂಡು ಕೂತಿದ್ದೇನೆ. ಇವನು ಹೆಂಡತಿಗೆ ಸೈಕಲ್ ಕೊಡಿಸಿದ್ದಾನೆ. ಅದಕ್ಕೆ ರ‍್ಯಾಕ್ ಆರಿಸಿ ಕೊಡುವ ಭಾಗ್ಯ ಬೇರೆ ನನಗೆ!'

ಅಳು ನುಂಗಿಕೊಂಡು ಇನ್ನೊಂದನ್ನು ತೋರಿಸಿದಳು. "ಹಂಗಾದ್ರೆ ತೂಗಾಕೋದು ಬ್ಯಾಡ, ವಾಲಾಡ್ತದೆ. ಈ ಟ್ರೇ ಥರದ್ದು ತಗೊಳ್ಳಿ. ಚಕ್ರ ಎರಡೂ ಟ್ರೇಲಿ ಕೂರ್ತವೆ, ಬೆಲ್ಟ್ ಬಿಗಿದ್ರೆ ಆಯ್ತು. ನಿಮ್ಮ... ಮನೆಯವರ ಸೈಕಲ್ಲು ಜೋಪಾನವಾಗಿರ್ತದೆ."

ಅವನು ಜೀಪಿನ ಕಡೆ ಕೈ ತೋರಿಸಿದ. "ಕೂರ್ತದ ಇಲ್ವ ನೀವೇ ನೋಡ್ಬಿಡಿ. ಸೈಕಲ್ಲು ಜೀಪಲ್ಲೇ ಅದೆ."

ಒಲ್ಲದ ಮನಸ್ಸಿನಿಂದ ಹೊರಗೆ ಬಂದಳು. ಅವನು ಜೀಪಿನ ಹಿಂದಿನ ಪರದೆ ಎತ್ತಿದ.

ಅವಳದೇ ಸೈಕಲ್!

ನರಸೀಪುರದಲ್ಲಿ ಡಿಗ್ರಿ ಓದುವಾಗ ಇದರಲ್ಲೇ ಅವನ ಪಕ್ಕದಲ್ಲಿ ಹೊಳೆದಂಡೆಗೆ ಹೋಗುತ್ತಿದ್ದಳು. 'ಮನೆಗೆ ಬಂದು ಅಪ್ಪನ್ನ ಕೇಳು' ಎಂದು ಕಾಡಿದ್ದಳು. 'ಕೆಲ್ಸ ಸಿಗ್ಲಿ ತಡಿ' ಎನ್ನುತ್ತಲೇ ಇದ್ದ. ಕೊನೆಗೊಂದು ದಿನ ಸಿಟ್ಟಿನಲ್ಲಿ ಸೈಕಲ್ಲನ್ನು ಅವನ ಮನೆಯ ಅಂಗಳದಲ್ಲೇ ಬಿಟ್ಟು ಬಸ್ಸು ಹತ್ತಿದವಳು, ಆಮೇಲೆ ಅವನ ಫೋನೂ ಎತ್ತಿರಲಿಲ್ಲ.

ಈಗ ಟೈರು ಹೊಸದಿತ್ತು. ಚೈನಿಗೆ ಎಣ್ಣೆ ಹಾಕಿತ್ತು.

ಹೆಂಡತಿಯ ಸೈಕಲ್ ಅಲ್ಲ... ಆದರೆ ಮರುಕ್ಷಣವೇ ಇನ್ನೊಂದು ಭಯ. ಉಳಿದಿದ್ದ ಈ ಋಣವನ್ನೂ ತೀರಿಸಿಕೊಳ್ಳಲು ಬಂದನೇ?

"ವಾಪಸ್ ಕೊಡಕ್ ಬಂದ್ಯಾ?" ಎಂದಳು.

"ವಾಪಸ್ ಕೊಡಂಗಿದ್ರೆ ಎರಡು ಸೈಕಲ್ಲಿನ ರ‍್ಯಾಕ್ ಯಾಕ್ ಬೇಕಿತ್ತು ಕವನ?"

ಅವಳ ಕಣ್ಣು ತುಂಬಿ ಬಂತು.

"ಬನ್ನೂರಲ್ಲಿ ಪಶು ಆಸ್ಪತ್ರೇಲಿ ಕೆಲ್ಸ ಆಯ್ತು," ಎಂದ ಸಿದ್ಧಾರ್ಥ ಮೆಲ್ಲಗೆ. "ಆದ್ರೂ ತಪ್ಪು ನಂದೇ. ಕೆಲ್ಸ ಇಲ್ದಿದ್ರೂ ಬಂದು ಕೇಳ್ಬೇಕಿತ್ತು. ನೀನಿನ್ನೂ ಮದ್ವೆ ಆಗಿಲ್ಲ, ಈ ಅಂಗಡೀಲಿ ಕೆಲ್ಸ ಮಾಡ್ತಿದ್ದೀಯ ಅಂತ ನಿಮ್ಮೂರೋರು ಹೇಳಿದ್ರು. ಆಮೇಲೆ ಮನೇಲಿ ಕೂರಕ್ಕಾಗ್ಲಿಲ್ಲ."

"ನೀನಿಲ್ದೆ ನಾನು ಚೆನ್ನಾಗಿರ್ಲಿಲ್ಲ ಕಣೋ," ಎಂದುಬಿಟ್ಟಳು. ಇಷ್ಟು ದಿನ ಯಾರಿಗೂ ಹೇಳದ ಮಾತು ಅದು. "ಈಗ್ಲಾದ್ರೂ ಅಪ್ಪನ್ನ ಕೇಳ್ತೀಯಾ?"

"ಅದಕ್ಕೇ ಬಂದಿರೋದು. ಮನೇಲವ್ರಾ?"

"ಈಗ ಹದಿನಾರು ಗ್ರಾಮದ ಗದ್ದೆತಾವ ಇರ್ತಾರೆ. ಮನೇಗೆ ಬರೋದು ಸಂಜೆಗೇ."

"ಸರಿ ಬಿಡು. ಸಂಜೆಗಂಟ ಇಲ್ಲೇ ಕಾಯ್ತೀನಿ."

ಕವನ ಕಣ್ಣೊರೆಸಿಕೊಂಡಳು. ಒಳಗಿದ್ದ ಓನರ್ ಮಲ್ಲಿಕಾರ್ಜುನ್‌ಗೆ ಅರ್ಧ ದಿನ ರಜೆ ಎಂದು ಕೂಗಿ ಹೇಳಿ, ಜೀಪು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು.

"ಇನ್ನೂ ಕಾಯೋದಾ? ಗದ್ದೇಗೇ ಓಗವ, ನಡಿ ಸಿದ್ದು."