ಮಾರೇನಹಳ್ಳಿಯ ಒಗೆಯುವ ಕಲ್ಲು

೧೯೭೪ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಎಂಟೂವರೆ. ಮಾರೇನಹಳ್ಳಿಯ ಹೊಸ ಬಡಾವಣೆಯ ಜವಳಿ ವ್ಯಾಪಾರಿ ಚನ್ನವೀರಪ್ಪ ಠಾಣೆಗೆ ಬಂದು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಕಳುವಾಗಿದೆ ಎಂದು ದೂರು ಕೊಟ್ಟರು. ಕಾನ್‌ಸ್ಟೇಬಲ್ ಚಕ್ರಪಾಣಿ ಮೀಸೆಯಡಿ ನಕ್ಕ. ಇನ್ಸ್‌ಪೆಕ್ಟರ್ ರೇವಣಸಿದ್ದಯ್ಯನವರಿಗೆ ನಗು ಬರಲಿಲ್ಲ. ನಾಲ್ಕಾಳು ಹೊರುವ ಕಲ್ಲನ್ನು ಯಾರೂ ತಮಾಷೆಗೆ ಹೊತ್ತೊಯ್ಯುವುದಿಲ್ಲ. ಎಫ್‌ಐಆರ್ ದಾಖಲಾಯಿತು.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಕಲ್ಲೆತ್ತಿದ ಗುಂಡಿಗೆ ಯಾರೋ ಮಣ್ಣು ಮುಚ್ಚಿ, ಹಾಲೆರೆದು, ಮೇಲೊಂದು ರಾಗಿಮುದ್ದೆ ಇಟ್ಟು ಹೋಗಿದ್ದರು.

"ಕಳ್ಳನಿಗೆ ಭಕ್ತಿ ಬೇರೆ" ಎಂದ ಚಕ್ರಪಾಣಿ.

ರೇವಣಸಿದ್ದಯ್ಯ ಮುದ್ದೆಯನ್ನೇ ನೋಡುತ್ತ ನಿಂತರು. ಅವರ ಊರಿನಲ್ಲಿ ಹಾಗೆ ಎಡೆ ಇಡುತ್ತಿದ್ದದ್ದು ಸತ್ತ ಹಿರಿಯರಿಗೆ.

"ಕಲ್ಲು ಎಲ್ಲಿಂದ ತಂದ್ರಿ?" ಎಂದು ಚನ್ನವೀರಪ್ಪನವರನ್ನು ಕೇಳಿದರು.

"ಪಾಯ ತೋಡುವಾಗ ಸಿಕ್ತು ಸಾರ್. ಒಂದ್ ಕಡೆ ಏನೋ ಗೊಂಬೆ ಕೆತ್ತಿತ್ತು. ಅದನ್ನ ಕೆಳಗೆ ಮಾಡಿ ಹಾಕ್ಸಿದ್ದೆ."

"ಬಟ್ಟೆ ಒಗೆಯೋರು?"

"ಲಕ್ಷ್ಮಿದೇವಮ್ಮ ಅಂತ. ಮೂರು ದಿನದಿಂದ ಬಂದಿಲ್ಲ."

ಹಳೇ ಊರಿನ ಕೊನೆಯ ಮನೆ ಆಕೆಯದು. ಹೊಂಗೆಮರದ ಕೆಳಗೆ ಕಲ್ಲು ಮೂಡಣಕ್ಕೆ ಮುಖ ಮಾಡಿ ನಿಂತಿತ್ತು: ಬಿಲ್ಲು ಹಿಡಿದ ಗಂಡಾಳು, ಬೆನ್ನಿಗೆ ದನಗಳು. ಪಕ್ಕದಲ್ಲಿ ಕೂತಿದ್ದ ಆಕೆಯ ಗಂಡ ಬೈರಯ್ಯ ಓಡಲಿಲ್ಲ. ಬಡಾವಣೆಯಾಗುವ ಮೊದಲು ಚನ್ನವೀರಪ್ಪನವರ ಮನೆಯಿದ್ದ ಜಾಗ ಅವನ ಹೊಲ.

"ನೀವೇ ತಂದ್ರಾ?"

"ಹೂಂ ಸ್ವಾಮಿ. ದನಗಳ್ಳರ ಜೊತೆ ಕಾದಾಡಿ ಸತ್ತ ನಮ್ಮಜ್ಜ ಇವನು."

"ಜೊತೆಗೆ ಯಾರ್ಯಾರಿದ್ರು?"

"ನಾನೊಬ್ಬನೇ ಅಂತ ಬರ್ಕೊಳ್ಳಿ."

"ಚನ್ನವೀರಪ್ಪನವರನ್ನ ಕೇಳಿ ತರಬಹುದಿತ್ತಲ್ಲ?"

"ಹೆತ್ತಜ್ಜನ್ನ ಯಾರ ಬಾಗಿಲಲ್ಲಿ ಬೇಡೋದು ಸ್ವಾಮಿ?"

ಲಕ್ಷ್ಮಿದೇವಮ್ಮ ಬಾಗಿಲ ಮರೆಯಿಂದ ಮಾತಾಡಿದಳು. ಆರು ತಿಂಗಳು ಆ ಕಲ್ಲಿನ ಮೇಲೆ ಆ ಮನೆಯವರ ಕೊಳೆ ಒಗೆದಿದ್ದಳು. ಶನಿವಾರ, ನೀರು ಹರಿದು ಕಲ್ಲಿನಡಿಯ ಮಣ್ಣು ಕೊಚ್ಚಿದ ಕಡೆ, ಬಿಲ್ಲು ಹಿಡಿದ ಕೈ ಕಂಡಿತ್ತು. "ಅವತ್ತಿಂದ ಈ ಕೈಲಿ ಅನ್ನ ಮುಟ್ಟೋಕಾಗ್ತಿಲ್ಲ ಸ್ವಾಮಿ" ಎಂದಳು. ರೇವಣಸಿದ್ದಯ್ಯ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡರು. ಆದರೂ ಕಳವು ಕಳವೇ. ಒಂದೂ ಇಪ್ಪತ್ತಕ್ಕೆ ಬೈರಯ್ಯನ ದಸ್ತಗಿರಿಯಾಯಿತು. ಜಪ್ತಿಯಾದ ಕಲ್ಲು ಕೇಸಿನ ಮುದ್ದೆಮಾಲಾಗಿ ಗಾಡಿ ಹತ್ತಿತು.

"ಠಾಣೇಲಿ ಮಲಗಿಸ್ಬೇಡಿ. ನಿಲ್ಸಿ" ಎಂದಷ್ಟೇ ಕೇಳಿದ ಬೈರಯ್ಯ.

ಚಕ್ರಪಾಣಿಯೇ ಠಾಣೆಯ ಅಂಗಳದಲ್ಲಿ ಗುಂಡಿ ತೋಡಿ, ದಿಕ್ಕು ನೋಡಿ ನಿಲ್ಲಿಸಿದ. ಕಳ್ಳರೊಡನೆ ಕಾದು ಸತ್ತವನು ಹೊರಗೆ. ಕಳವಿನ ಕೇಸಿನ ಮೊಮ್ಮಗ ಒಳಗೆ.

ಸಂಜೆ ಲಕ್ಷ್ಮಿದೇವಮ್ಮ ಎರಡು ಮುದ್ದೆ ತಂದಳು. ಒಂದನ್ನು ಗಂಡನಿಗೆ ಕೊಡುವಂತೆ ಚಕ್ರಪಾಣಿಯ ಕೈಗಿತ್ತಳು. ಇನ್ನೊಂದನ್ನು ಕಲ್ಲಿನ ಮುಂದಿಟ್ಟು, ಮುಟ್ಟಲು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡಳು.