ಎಡಗಡೆ ಸೀಟಿನ ಕಲ್ಲು

"ಗಾಡಿ ಒಯ್ರಿ ಯಪ್ಪಾ. ಆದ್ರ ಎಡಗಡಿ ಸೀಟಿನ ಕೆಳಗ ಕಟ್ಟಿದ ಕಲ್ಲು ಮಾತ್ರ ಬಿಚ್ಚಬ್ಯಾಡ್ರಿ."

ಭೀಮವ್ವ ಇಷ್ಟು ಹೇಳಿ ದೊಡ್ಡಿಯ ಮುಳ್ಳುಬಾಗಿಲನ್ನು ಸರಿಸಿದಳು. ಗಬ್ಬೂರಿನ ಅಂಚಿನ ಆ ಕುರಿದೊಡ್ಡಿಯಲ್ಲಿ ಹಗಲಿನಲ್ಲೂ ಕತ್ತಲಿತ್ತು. ಕುರಿಹಿಕ್ಕೆಯ ಘಾಟು, ಹಸಿ ಉಣ್ಣೆಯ ವಾಸನೆ, ಅವೆರಡರ ನಡುವೆ ಎಲ್ಲಿಂದಲೋ ಕೊಬ್ಬರಿ ಎಣ್ಣೆಯ ವಾಸನೆ. ಯಾರೋ ಈಗತಾನೆ ತಲೆ ಬಾಚಿಕೊಂಡು ಎದ್ದುಹೋದಂತೆ. ಅಂಬರೀಶನ ಮೂಗಿಗೆ ಇದಾವುದೂ ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ಕಣ್ಣೆದುರು ಆ ಕಾರು ನಿಂತಿತ್ತಲ್ಲ.

ಸೊಂಟದೆತ್ತರವೂ ಇಲ್ಲದ ಗಾಡಿ. ಬಾಗಿಲಿಲ್ಲ, ಮೇಲೆ ಮುಚ್ಚಿಗೆಯಿಲ್ಲ. ಉದ್ದ ಮೂಗು, ಹೊರಗೆ ಚಾಚಿದ ಎರಡು ದುಂಡು ದೀಪ, ಪಕ್ಕೆಯುದ್ದಕ್ಕೂ ಹೊಗೆಕೊಳವೆ, ಎರಡೇ ಸೀಟು. ಹಳೇ ಬ್ರಿಟಿಷ್ ರೇಸು ಗಾಡಿಗಳ ಮಾದರಿಯಲ್ಲಿ ತೆಳು ಅಲ್ಯೂಮಿನಿಯಂ ತಗಡು ಬಡಿಸಿ ಇದನ್ನು ಕಟ್ಟಿಸಿದವನು ಕನಕರಾಜ, ಭೀಮವ್ವನ ಅಳಿಯ, ಹತ್ತಿ ವ್ಯಾಪಾರಿ. ಈಗ ಹೈದರಾಬಾದಿನಲ್ಲಿದ್ದ. ಮಾರಾಟವೆಲ್ಲ ಫೋನಿನಲ್ಲೇ ಮುಗಿದಿತ್ತು, ಚಾವಿ ಮಾತ್ರ ಮುದುಕಿಯ ಉಡಿಯಲ್ಲಿತ್ತು.

"ಯಾಕ ಯವ್ವಾ, ಕಲ್ಲಿಗೂ ಸವಾರಿ ಮಾಡಸ್ಬೇಕೇನು?" ಅಂಬರೀಶ ನಕ್ಕ.

"ಆ ಸೀಟು ಖಾಲಿ ಇರಬಾರ್ದು. ಕಲ್ಲಿದ್ರ ಯಾರೋ ಕುಂತಾರಂತ ತಿಳೀತದ."

"ಯಾರಿಗಿ ತಿಳೀತದ?"

ಭೀಮವ್ವ ಅವನ ಬೆರಳಿನ ಉಂಗುರ ನೋಡಿ, "ಮದಿವಿ ಆಗ್ಯಾದೇನು?" ಎಂದಳು.

"ಆಗ್ಯಾದ."

"ಹಂಗಾರ ಬಿಚ್ಚಲೇಬ್ಯಾಡ."

ಕಲ್ಮಲಾ ಕ್ರಾಸ್ ದಾಟುವತನಕ ಅಂಬರೀಶ ಅದನ್ನೇ ನೆನೆಸಿಕೊಂಡು ನಗುತ್ತಿದ್ದ. ರಾಯಚೂರು ಶಹರದಲ್ಲಿ ಬೆಳೆದು, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಮಾನ್ವಿಯ ದೊಡ್ಡಪ್ಪ ಸಾಹುಕಾರರ ಒಬ್ಬಳೇ ಮಗಳು ಶೈಲಜಾಳ ಕೈಹಿಡಿದು ಮನೆಅಳಿಯನಾಗಿ ಬಂದವನು. ಅಕ್ಕಿಗಿರಣಿ ಮಾವನದು, ಮನೆ ಮಾವನದು, ಊರವರ ನಮಸ್ಕಾರವೂ ಮಾವನಿಗೇ. ತನ್ನದು ಅಂತ ಒಂದು ಬೇಕಲ್ಲ? ಈ ಗಾಡಿ ಅವನದಾಯಿತು. ಭಾನುವಾರ ಬಂತೆಂದರೆ ಬನಿಯನ್ ಹಾಕಿಕೊಂಡು ಅದರ ಕೆಳಗೆ ನುಸುಳಿಬಿಡುವನು. ಜೋಡಿ ಕಾರ್ಬೊರೇಟರಿನ ಉಸಿರನ್ನು ರಬ್ಬರ್ ನಳಿಕೆ ಕಿವಿಗಿಟ್ಟು ಕೇಳುವನು, ಮಾನ್ವಿಯ ದೂಳಿಗೆ ಕಟ್ಟಿಕೊಂಡ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆಯುವನು, ರೇಡಿಯೇಟರ್ ಕುದಿಯದಂತೆ ತಗಡು ಕತ್ತರಿಸಿ ಗಾಳಿದಾರಿ ಮಾಡುವನು. ಬೇರೆಯವರನ್ನು ಮುಟ್ಟಗೊಡುತ್ತಿರಲಿಲ್ಲ.

ಇಂಥ ಗಾಡಿ ಸಾಕುವವರದು ಒಂದೇ ಹುಚ್ಚು: ಹಗುರ ಮಾಡುವುದು. ಕಿಲೋ ಇಳಿದಷ್ಟೂ ಓಟ ಹೆಚ್ಚು, ತಿರುವಿನಲ್ಲಿ ಹಿಡಿತ ಹೆಚ್ಚು. ಅದಕ್ಕೆ ಸರಿಯಾಗಿ ಗಿರಣಿಯ ಅಂಗಳದಲ್ಲೇ ಭತ್ತದ ಲಾರಿ ತೂಗುವ ಕಾಟಾ ಇತ್ತು. ಗಾಡಿಯನ್ನು ಅದರ ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿದ.

"ಇಳೀರಿ ಅಳಿಯ ಧಣಿ," ಎಂದ ಕಾಟಾ ನೋಡಿಕೊಳ್ಳುವ ನಬೀಸಾಬ್ ಗೂಡಿನ ಕಿಟಕಿಯಿಂದ. ಯಾವ ಡ್ರೈವರ್ ಬಂದರೂ ಅವನ ಮೊದಲ ಮಾತು ಅದೇ. ಕೆಂಪು ಅಂಕಿ ಐನೂರ ಅರವತ್ತಕ್ಕೆ ನಿಂತಿತು.

ಅಂದೇ ಅಂಬರೀಶ ಕಲ್ಲು ಬಿಚ್ಚಿದ. ಕರಿ ಉಣ್ಣೆಯ ಹುರಿ, ಗಂಟಿನ ಮೇಲೆ ಗಂಟು. ಒಳಗೆ ಒರಳಿನ ಗುಂಡುಕಲ್ಲು, ಅರೆದರೆದು ನುಣುಪಾದದ್ದು, ಸಂದಿನಲ್ಲಿ ಇನ್ನೂ ಅರಿಸಿನ. ನೆರಳಲ್ಲಿದ್ದರೂ ಅದು ಬೆಚ್ಚಗಿತ್ತು. ಪೋತ್ನಾಳದ ಹತ್ತಿರ ತುಂಬಿ ಹರಿಯುತ್ತಿದ್ದ ಕಾಲುವೆಗೆ ಅದನ್ನು ಎತ್ತಿ ಒಗೆದ. ಬಂದು ತೂಗಿದರೆ ಐನೂರ ಐವತ್ತು. ಅವನ ಮುಖ ಹಬ್ಬದೂಟ ಉಂಡವನಂತಾಯಿತು.

ಅಂದು ಸಂಜೆ ಬಸುರಿ ಶೈಲಜಾ ಅಂಗಳಕ್ಕೆ ಬಂದು, "ನನ್ನೂ ಒಂದ್ಸಲ ಕೂಡಿಸ್ಕೊಂಡು ಹೋಗ್ರಿ," ಎಂದಳು.

"ನೀ ಕುಂತ್ರ ಗಾಡಿ ಭಾರ ಆಗ್ತದ. ಈಗಂತೂ ನೀವು ಇಬ್ಬರು," ಎಂದು ಚುಡಾಯಿಸಿ ಒಬ್ಬನೇ ಹೊರಟ. ಅವಳೂ ನಕ್ಕಳು, ಪಾಪ. ಗಾಡಿ ಗೇಟು ದಾಟುವತನಕ ನಿಂತು ನೋಡಿ ಒಳಗೆ ಹೋದಳು.

ಮುಂದಿನ ಭಾನುವಾರ ಕಾಟಾ ಐದು ಕಿಲೋ ಹೆಚ್ಚು ತೋರಿಸಿತು. ದೂಳು ಕೂತಿರಬೇಕೆಂದು ತೊಳೆದು ತೂಗಿದ. ಅಷ್ಟೇ. ಅದರ ಮುಂದಿನ ವಾರ ಮತ್ತೆ ಐದು. ಸ್ಟೆಪ್ನಿ ಚಕ್ರ ತೆಗೆದ, ಮುಂದಿನ ಗಾಜು ತೆಗೆದ, ಸೀಟಿನ ಚೌಕಟ್ಟಿಗೆಲ್ಲ ಡ್ರಿಲ್ ಹಾಕಿ ತೂತು ಕೊರೆದ. ತೆಗೆದ ತೂಕವೆಲ್ಲ ಎಲ್ಲಿಂದಲೋ ತಿರುಗಿ ಬಂದು ಸೇರುತ್ತಿತ್ತು. ಸ್ಟೀರಿಂಗು ಎಡಕ್ಕೆ ಎಳೆಯತೊಡಗಿತು. ಎಡಗಡೆಯ ಸ್ಪ್ರಿಂಗು ಕುಗ್ಗಿತೆಂದು ಬದಲಿಸಿದರೆ ಹೊಸದೂ ಕುಗ್ಗಿತು. ಪೆಟ್ರೋಲಿನ ವಾಸನೆಯ ಅಡಿಯಿಂದ ಕೊಬ್ಬರಿ ಎಣ್ಣೆ ಮೂಗಿಗೆ ಹೊಡೆಯುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಎಡಸೀಟಿನ ಬೆಲ್ಟು ಹಾಕಿಕೊಂಡಿರುತ್ತಿತ್ತು. ಬಿಚ್ಚಿಟ್ಟರೆ ಮರುದಿನ ಮತ್ತೆ ಹಾಗೇ.

"ಧಣಿ, ಒಳಗ ಯಾರರ ಕುಂತಾರೇನ್ರಿ?" ನಬೀಸಾಬ್ ಒಂದು ದಿನ ಕೇಳಿಯೇಬಿಟ್ಟ.

"ನಿನ್ನ ಕಾಟಾನ ಕೆಟ್ಟದ," ಎಂದು ಅಂಬರೀಶ ಸಿಡುಕಿದ. ಅವನಿಗೆ ನಿದ್ದೆ ಸರಿಯಾಗುತ್ತಿರಲಿಲ್ಲ. ಉಣ್ಣುವಾಗಲೂ ಕಾಲು ಕುಣಿಸುತ್ತಿದ್ದ, ಎದ್ದೆದ್ದು ಹೋಗಿ ಗಾಡಿ ನೋಡಿ ಬರುತ್ತಿದ್ದ. ಮನೆಯೊಳಗೆ ಏನು ನಡೆಯುತ್ತಿದೆಯೆಂದು ಮಾತ್ರ ಆ ಪುಣ್ಯಾತ್ಮ ನೋಡಲಿಲ್ಲ.

ಅಳಿಯನೊಂದಿಗೆ ನೇರ ಮಾತಾಡದ ಅತ್ತೆ ಬಸವಂತಮ್ಮ ಕೊನೆಗೆ ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತು, ಅವನಿಗೆ ಕೇಳುವಂತೆಯೇ ಅಂದಳು: "ಶೈಲೂ, ನಿನ್ನ ಗಂಡಗ ಹೇಳವ್ವ, ಕೈಯಾನ ಬಳಿ ಜಾರಿ ಬೀಳಾಕತ್ತಾವ ಅಂತ."

ಅಂಬರೀಶ ತಲೆಯೆತ್ತಿ ನೋಡಿದ. ಶೈಲಜಾ ಬಡಿಸುತ್ತಿದ್ದಳು. ಕೈ ಇಳಿಬಿಟ್ಟ ಕೂಡಲೇ ಹಸಿರು ಬಳೆಗಳು ಬೆರಳ ತುದಿಗೆ ಓಡಿ ಬಂದವು. ಕೆನ್ನೆ ಒಳಗೆ ಹೋಗಿತ್ತು. ಬಸುರಿಯ ಕೊರಳ ಎಲುಬು ಎಣಿಸುವಂತಿತ್ತು. ಅವನ ಕೈತುತ್ತು ಗಂಗಾಳಕ್ಕೆ ಬಿತ್ತು.

ರಾಯಚೂರಿನ ಆಸ್ಪತ್ರೆಯಲ್ಲಿ ಕಾಯಿಲೆ ಏನೂ ಸಿಗಲಿಲ್ಲ. ಕೂಸು ಬೆಳೆಯುತ್ತಿಲ್ಲ, ಹೀಗೇ ಆದರೆ ಇಬ್ಬರೂ ಉಳಿಯುವುದು ಕಷ್ಟ ಎಂದರು ಡಾಕ್ಟರಮ್ಮ. ನರ್ಸು ಶೈಲಜಾಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮೊದಲ ಸಲಕ್ಕಿಂತ ಎಷ್ಟು ಇಳಿದಿದೆಯೆಂದು ಹೇಳಿದಳು. ಅಂಬರೀಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗಿರಣಿಯ ಕಾಟಾದಲ್ಲಿ ಏರಿದ್ದು ಎಷ್ಟೋ, ಇಲ್ಲಿ ಇಳಿದದ್ದು ಅಷ್ಟೇ.

ಮರುದಿನ ಪೋತ್ನಾಳದ ಕಾಲುವೆಗೆ ಓಡಿದ. ಬೇಸಿಗೆಗೆ ನೀರು ನಿಲ್ಲಿಸಿದ್ದರು. ಬಿರಿದ ಕೆಸರಲ್ಲಿ ಮಂಡಿಯೂರಿ, ಉಗುರು ಕಿತ್ತುಹೋಗುವ ಹಾಗೆ ಕೆದಕಿದ. ಗುಂಡುಕಲ್ಲು ಸಿಗಲಿಲ್ಲ. ಸಂತೆಯಿಂದ ಬೇರೆ ಒರಳುಗುಂಡು ತಂದು ಅದೇ ಕರಿ ಹುರಿಯಿಂದ ಬಿಗಿದ. ಬೆಳಗಾಗುವುದರೊಳಗೆ ಹುರಿ ಬಿಚ್ಚಿ, ಕಲ್ಲು ಗಾಡಿಯ ಹೊರಗೆ ಬಿದ್ದಿತ್ತು. ಅಂದು ಶೈಲಜಾ ಹಾಸಿಗೆ ಬಿಟ್ಟೇಳಲಿಲ್ಲ.

ಅವನು ಗಾಡಿ ಹತ್ತಿದ. ಗಬ್ಬೂರು ಮುಟ್ಟುವ ಹೊತ್ತಿಗೆ ಪಡುವಣದಲ್ಲಿ ಕೆಂಪು ದೂಳುಗೋಡೆ ಎದ್ದಿತ್ತು. ಮಟಮಟ ಮಧ್ಯಾಹ್ನ ಕಣ್ಣು ಕಾಣದಂತಾಯಿತು. ದೊಡ್ಡಿಯೊಳಗೆ ಗಾಡಿ ನುಗ್ಗಿಸಿದ ಕೂಡಲೇ ಕುರಿಗಳೆಲ್ಲ ಒಂದು ಮೂಲೆಗೆ ಒತ್ತಿಕೊಂಡವು. ಒಂದೂ ಅರಚಲಿಲ್ಲ.

ಭೀಮವ್ವ ಎಡಸೀಟಿನ ಕೆಳಗೆ ಕೈಯಾಡಿಸಿ ನೋಡಿ, ನೆಲಕ್ಕೆ ಕುಸಿದು ಕೂತಳು.

"ಎಲ್ಲದ ಕಲ್ಲು?"

"ಕಾಲುವ್ಯಾಗ ಒಗದೀನಿ."

ಮುದುಕಿ ತಲೆ ತಗ್ಗಿಸಿಯೇ ಹೇಳಿದಳು: "ನನ್ನ ಮಗಳು ಯಶೋದಾ ಈ ಸೀಟಿನ್ಯಾಗ ಕುಂತಿದ್ಲು. ಬಾಗ್ಲ ಇಲ್ಲ, ಬೆಲ್ಟೂ ಹಾಕ್ಕೊಂಡಿದ್ದಿಲ್ಲ. ತಿರುವಿನ್ಯಾಗ ಹೊರಗ ಬಿದ್ದಾಕಿ ಮತ್ತ ಏಳಲಿಲ್ಲ. ವರ್ಷ ತುಂಬೋದ್ರಾಗ ಕನಕರಾಜ ಇನ್ನೊಬ್ಬಾಕಿನ್ನ ಮದಿವಿ ಆಗಿ ಇದ ಸೀಟಿಗಿ ಕೂಡ್ಸಿದ. ನನ್ನ ಹೊಟ್ಟಿ ಉರೀತು. ಮಾಟ ಮಾಡ್ಸಿದೆ. ಈ ಗಾಡಿ ಯಾರು ಓಡಿಸ್ತಾರ, ಅವರ ಹೆಂಡ್ತಿ ತೂಕ ಈ ಸೀಟು ತಿನ್ಲಿ ಅಂತ."

"ತಗೀರಿ ಯವ್ವಾ ಅದನ್ನ. ನಿಮ್ಮ ಕಾಲ ಬೀಳ್ತೀನಿ."

"ಮಾಡಿದವ ಸತ್ತು ಹೋಗ್ಯಾನ. ಆ ಹುಡುಗಿ ಕಡ್ಡಿ ಆದಾಗ ನನಗೂ ನೋಡಾಕ ಆಗಲಿಲ್ಲ. ಆಕೀದೇನು ತಪ್ಪಿತ್ತು? ಯಶೋದಾ ಅರೀತಿದ್ದ ಕಲ್ಲು ತಂದು ಕಟ್ಟಿದೆ. ಮಗಳ ಕೈ ಆಡಿದ ಕಲ್ಲು. ಅದಕ್ಕ ಸುಮ್ಮನಾಗಿತ್ತು."

"ಸುಟ್ಟುಬಿಡ್ತೀನಿ ಗಾಡಿ."

"ಸುಟ್ರ ತಿಂದದ್ದು ವಾಪಸ್ ಬರಂಗಿಲ್ಲ ಯಪ್ಪಾ. ಬ್ಯಾರೆ ಯಾರರ ಅಲ್ಲಿ ಕುಂತು, ನಂದು ತಗೋ ಅಂತ ಬಾಯಿಬಿಟ್ಟು ಕೊಡಬೇಕು. ಕನಕರಾಜಗ ಹೇಳಿದ್ದೆ. ಅವ ಕೊಡಲಿಲ್ಲ, ಹೈದರಾಬಾದಿಗೆ ಓಡಿಹೋದ."

ಹೊರಗೆ ಗಾಳಿ ತಗಡನ್ನು ಎತ್ತಿ ಬಡಿಯುತ್ತಿತ್ತು. ಅಂಬರೀಶನಿಗೆ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಬೇಕು. ಓಡಿಹೋದವನ ಮೇಲೆ ಒಂದು ಗಳಿಗೆ ಹೊಟ್ಟೆಕಿಚ್ಚೂ ಆಯಿತು. ಆಮೇಲೆ ಬೆರಳ ತುದಿಗೆ ಓಡಿ ಬಂದ ಹಸಿರು ಬಳೆಗಳು ಕಣ್ಣಿಗೆ ಕಟ್ಟಿದವು. ಸುತ್ತು ಹಾಕಿ ಹೋಗಿ ಎಡಗಡೆ ಕೂತ.

ಆ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಉರಿಬಿಸಿಲಲ್ಲಿ ಬಂದ ಗಾಡಿ. ಸೀಟು ಮಾತ್ರ ತಣ್ಣಗಿತ್ತು. ಸ್ಪ್ರಿಂಗು ಕಿರುಗುಟ್ಟಿತು. ಬೆಲ್ಟು ಸರಿದು ಬಂತು. ತಾನಾಗಿಯೇ. ಕಟ್ಟೆಂದು ಕೂತಿತು. ಅರಿಸಿನ. ಕೊಬ್ಬರಿ ಎಣ್ಣೆ. ಹಸಿ ನೆತ್ತರು. ಕಿವಿಯ ಹಿಂದೆ ಉಸಿರು. ಯಾರೋ ಅವನ ತೊಡೆಯ ಮೇಲೆ ಕೂತರು. ಮೆಲ್ಲಗೆ. ಕಾಣಲಿಲ್ಲ. ಭಾರ ಮಾತ್ರ ಗೊತ್ತಾಯಿತು. ಆ ಭಾರದೊಳಗೆ ಏನೋ ಮಿಸುಕಿತು. ಪುಟ್ಟ ಒದೆತ. ಶೈಲಜಾಳ ಹೊಟ್ಟೆಯ ಮೇಲೆ ಕೈಯಿಟ್ಟಾಗ ಸಿಗುತ್ತಿತ್ತಲ್ಲ, ಅದೇ ಒದೆತ. ಅವನು ಬಿಕ್ಕಿದ.

"ಅಕೀನ್ನ ಬಿಡು. ಕೂಸಿಂದೂ ಬಿಡು. ನಂದು ತಗೋ."

ತೊಡೆಯ ಮೇಲಿನ ಭಾರ ಎದ್ದಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪಾದದಿಂದ ಶುರುವಾಯಿತು. ಚೀಲದ ಮೂಲೆ ಕತ್ತರಿಸಿದಾಗ ಭತ್ತ ಸುರಿಯುವಂತೆ, ಅವನು ಸುರಿದುಹೋಗತೊಡಗಿದ. ಮೊಣಕಾಲು. ಸೊಂಟ. ಎದೆ. ಕೂಗಬೇಕೆಂದ. ಕೂಗು ಬರಲಿಲ್ಲ. ಕೆಳಗೆ ಸ್ಪ್ರಿಂಗು ಇಷ್ಟಿಷ್ಟೇ ಕುಗ್ಗುತ್ತಿತ್ತು.

ಬೆಲ್ಟು ಬಿಚ್ಚಿಕೊಂಡಾಗ ಗಾಳಿ ನಿಂತಿತ್ತು. ಭೀಮವ್ವ ಅವನ ಮುಖ ನೋಡಲಾರದೆ ಕುರಿಗಳತ್ತ ತಿರುಗಿ ಕೂತಿದ್ದಳು.

ಶೈಲಜಾ ಚೇತರಿಸಿಕೊಂಡಳು. ವಾರದೊಳಗೆ ಎದ್ದು ಓಡಾಡಿದಳು, ಬಳೆ ಕೈಗೆ ಬಿಗಿಯಾದವು, ಮಳೆಗಾಲದಲ್ಲಿ ಹೆಣ್ಣುಕೂಸು ಹುಟ್ಟಿತು. ಡಾಕ್ಟರಮ್ಮ ತಮ್ಮ ಔಷಧಿಯ ಗುಣ ಅಂದುಕೊಂಡರು. ಅಂಬರೀಶ ನೋಡಲು ಮೊದಲಿನ ಹಾಗೇ ಇದ್ದ. ಒಂದು ಬೊಟ್ಟೂ ಸೊರಗಿರಲಿಲ್ಲ. ಆದರೆ ಗಿರಣಿ ಹಿಂದಿನ ಹೊಟ್ಟಿನ ಬೂದಿಯ ಮೇಲೆ ಅವನು ನಡೆದು ಬಂದರೆ ಹೆಜ್ಜೆ ಮೂಡುತ್ತಿರಲಿಲ್ಲ. ಬಸವಂತಮ್ಮ ಅದನ್ನು ಒಮ್ಮೆ ಕಂಡು, ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಗಾಳಿ ಜೋರಿದ್ದ ದಿನ ಅವನು ಜೇಬಿನ ತುಂಬ ಸ್ಪ್ಯಾನರ್ ಹಾಕಿಕೊಂಡೇ ಹೊರಗೆ ಬರುತ್ತಿದ್ದ. ಗಾಡಿಯನ್ನು ಮಾರಲಿಲ್ಲ, ಮಾರುವಂತೆಯೂ ಇರಲಿಲ್ಲ. ಕೊರೆದ ತೂತುಗಳನ್ನೆಲ್ಲ ಮುಚ್ಚಿಸಿದ, ಗಾಜು ಮತ್ತೆ ಕೂಡಿಸಿದ, ಎಲ್ಲಾದರೂ ತುಕ್ಕು ಕಂಡರೆ ತನಗೇ ಹುಣ್ಣೆದ್ದ ಹಾಗೆ ಉಜ್ಜಿ ಎಣ್ಣೆ ಹಚ್ಚಿದ. ಅವನ ಇದ್ದಬದ್ದ ಭಾರವೆಲ್ಲ ಅದರೊಳಗೇ ಇತ್ತು.

ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲು ಹಿಡಿದವು. ಒಂದು ಮಧ್ಯಾಹ್ನ ಲಾರಿಯೊಂದು ಕಾಟಾ ಇಳಿದುಹೋದ ಮೇಲೆ ಅಂಬರೀಶ ಮರೆತು ಆ ಕಬ್ಬಿಣದ ಹಲಗೆಯ ನಡುವೆ ನಿಂತುಬಿಟ್ಟ. ಅಷ್ಟು ತಿಂಗಳು ಅದನ್ನು ತುಳಿಯದೆ ಬಳಸಿ ಓಡಾಡಿದವನು.

"ಇಳೀರಿ ಧಣಿ, ಸೊನ್ನಿ ಮಾಡಬೇಕು," ಎಂದ ನಬೀಸಾಬ್. ಎಂದವನು ಯಂತ್ರದತ್ತ ಕೈಚಾಚಿ ಹಾಗೇ ನಿಂತ. ಅಂಕಿ ಆಗಲೇ ಸೊನ್ನೆಯಲ್ಲಿತ್ತು.

ಅಷ್ಟರಲ್ಲಿ ಶೈಲಜಾ ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ಮೈಕೈ ತುಂಬಿಕೊಂಡಿದ್ದಳು. "ಸ್ವಲ್ಪ ಹಿಡೀರಿ, ನನ್ನ ಕೈ ಸೋತಾವ," ಎಂದು ಹಲಗೆಯ ಅಂಚಿನಿಂದಲೇ ಕೂಸನ್ನು ಅವನ ಕೈಗೆ ಕೊಟ್ಟಳು.

ಐದರ ಲೆಕ್ಕದಲ್ಲೇ ಏರಿಳಿಯುವ ಕೆಂಪು ಅಂಕಿ ಒಮ್ಮೆ ಮಿನುಗಿ ಐದಕ್ಕೆ ನಿಂತಿತು.

ನಬೀಸಾಬ್ ಅಂಕಿ ನೋಡಿದ, ಅಂಬರೀಶನನ್ನು ನೋಡಿದ. "ಧಣಿ, ಇದು ಕೂಸಿಂದು," ಎಂದ. "ನಿಮ್ಮದು?"

ಕೂಸು ಅಂಬರೀಶನ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿತ್ತು. ಎಷ್ಟೋ ತಿಂಗಳ ಮೇಲೆ ಅವನ ಕಾಲುಗಳು ನೆಲಕ್ಕೆ ಸರಿಯಾಗಿ ಊರಿದ್ದವು. ಶೈಲಜಾ ಕೈ ಚಾಚಿ, ಕೊಡ್ರಿ ಸಾಕು, ಹಾಲು ಕುಡಿಸೋ ಹೊತ್ತಾತು ಎಂದಳು. ಅವನು ಮಗಳನ್ನು ಇನ್ನಷ್ಟು ಎದೆಗವಚಿಕೊಂಡ.

"ಒಂದು ಗಳಿಗಿ ತಡಿ," ಎಂದ. "ಗಾಳಿ ಬೀಸಾಕತ್ತದ."